ಗಡಿ ಮರೆತ ಇರುವೆಗಳು

ಉಡುಪಿಯ ನಮ್ಮ ಅಂಗಳದಲ್ಲಿ ಒಂದು ಮಾವಿನ ಮರ, ಆಚೆಗೊಂದು ಹಲಸಿನ ಮರ. ಎರಡರಲ್ಲೂ ಚಗಳಿ, ಅದೇ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಬಟ್ಟೆ ಒಣಗಿಸಲು ಮರಗಳ ನಡುವೆ ಹಗ್ಗ ಕಟ್ಟಿದೆ. ಮಧ್ಯಾಹ್ನ ನೋಡಿದರೆ ಹಗ್ಗದ ಮೇಲೆ ಯುದ್ಧ! ಒಂದು ಚಗಳಿಯ ಒಂದೊಂದು ಕಾಲನ್ನೂ ಎದುರಿನವು ಒಂದೊಂದು ದಿಕ್ಕಿಗೆ ಎಳೆದು ಹಿಡಿದಿದ್ದವು. ಎಲ್ಲವೂ ಒಂದೇ ಜಾತಿ, ಒಂದೇ ಬಣ್ಣ. ಮೈವಾಸನೆ ಮಾತ್ರ ಬೇರೆ.

ಇರುವೆಯ ಮೈಮೇಲೆ ತೆಳ್ಳಗಿನ ಮೇಣದಂಥ ಪದರ ಇರುತ್ತದೆ. ಅದರಲ್ಲಿರುವ ಹೈಡ್ರೋಕಾರ್ಬನ್ ಎಂಬ ರಾಸಾಯನಿಕಗಳ ಬೆರಕೆಯೇ ಅದರ ಗುರುತು. ಮೀಸೆಯಿಂದ ಮುಟ್ಟಿದ ಕೂಡಲೇ ನಮ್ಮವರೋ ಹೊರಗಿನವರೋ ಗೊತ್ತಾಗಿಬಿಡುತ್ತದೆ.

ಕೆಲವು ಇರುವೆಗಳಲ್ಲಿ ಈ ಬೇಲಿಯೇ ಬಿದ್ದುಹೋಗಿದೆ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ಇರುವೆ ಸರಕಿನ ಜೊತೆ ಯುರೋಪ್ ಸೇರಿತು. ಇಟಲಿಯಿಂದ ಸ್ಪೇನ್‌ನ ಅಟ್ಲಾಂಟಿಕ್ ಕರಾವಳಿಯವರೆಗೆ ಸುಮಾರು 6,000 ಕಿಲೋಮೀಟರ್ ಹಬ್ಬಿದ ಅದರ ಮಹಾಗೂಡಿನ, ಅಂದರೆ ಒಂದೇ ಸಂಸಾರದಂತೆ ಬದುಕುವ ಲೆಕ್ಕವಿಲ್ಲದಷ್ಟು ಗೂಡುಗಳ, ಬಗ್ಗೆ 2002ರಲ್ಲಿ ವಿಜ್ಞಾನಿಗಳು ಬರೆದರು. ಅಷ್ಟು ದೂರದ ಇರುವೆಗಳನ್ನು ತಂದು ಒಟ್ಟಿಗೆ ಬಿಟ್ಟರೂ ಜಗಳವಿಲ್ಲ. ಗೂಡಿಗೆ ಹಲವು ರಾಣಿಯರು. ಹೊಸ ರಾಣಿ ಹಾರುವುದಿಲ್ಲ, ಒಂದಿಷ್ಟು ಕೆಲಸಗಾರರ ಜೊತೆ ನಡೆದುಹೋಗಿ ಪಕ್ಕದಲ್ಲೇ ಮನೆ ಮಾಡುತ್ತದೆ. ನೆರೆಯವರ ಜೊತೆ ಹೊಡೆದಾಡುವ ಶಕ್ತಿಯೆಲ್ಲ ಮರಿ ಸಾಕಲು ಉಳಿಯುತ್ತದೆ, ಅಲ್ವಾ? ಬೇರೆ ಇರುವೆಗಳು ಸಂಖ್ಯೆಯಲ್ಲೇ ಸೋಲುತ್ತವೆ.

ನನ್ನನ್ನು ಜಾಸ್ತಿ ಕಾಡಿದ್ದು ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದ ಕಥೆ. ಉದ್ದ ಕಾಲಿನ, ಎತ್ತೆತ್ತಲೋ ಓಡುವ ಹಳದಿ ಹುಚ್ಚಿರುವೆಯ ಮಹಾಗೂಡು ಅಲ್ಲಿ 1989ರಲ್ಲಿ ಕಂಡಿತು. ಅದಕ್ಕೆ ಕೊಂಡಿಯಿಲ್ಲ, ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಕಣ್ಣು ಬಾಯಿಗೆ ಆಮ್ಲ ತಾಗಿ ಕೋಟಿಗೂ ಹೆಚ್ಚು ಕೆಂಪು ಏಡಿಗಳು ಸತ್ತವು. ಬಿದ್ದ ಎಲೆ, ಮೊಳಕೆ ತಿಂದು ಕಾಡಿನ ನೆಲವನ್ನು ಚೊಕ್ಕಟವಾಗಿ ಇಡುತ್ತಿದ್ದದ್ದು ಅವೇ. ಅವು ಇಲ್ಲವಾದ ಕಡೆ ಕಾಡಿನ ಅಡಿ ಪೊದೆಯಾಯಿತು.

ಇಷ್ಟು ದೊಡ್ಡ ಸಂಸಾರಕ್ಕೆ ಊಟ ಎಲ್ಲಿಂದ? ಮರದ ರಸ ಹೀರುವ ಶಲ್ಕ ಕೀಟಗಳು ವಿಸರ್ಜಿಸುವ ಸಿಹಿ ದ್ರವದಿಂದ. ಹಾಗಾಗಿ 2016ರಲ್ಲಿ ಮಲೇಷ್ಯಾದಿಂದ ಒಂದು ಪುಟ್ಟ ಕಣಜವನ್ನು ತಂದು ಬಿಟ್ಟರು. ಅದು ಮೊಟ್ಟೆ ಇಡುವುದು ಆ ಶಲ್ಕ ಕೀಟಗಳ ಒಳಗೆ, ಮರಿಗಳು ಕೀಟವನ್ನು ಒಳಗಿನಿಂದಲೇ ತಿಂದು ಮುಗಿಸುತ್ತವೆ. ಇರುವೆಯನ್ನು ಮುಟ್ಟದೆ ಅದರ ಅಡುಗೆಮನೆಗೇ ಬೀಗ ಹಾಕುವ ಈ ಉಪಾಯ ನನಗೆ ತುಂಬಾ ಹಿಡಿಸಿತು.

ಹುಚ್ಚಿರುವೆ ದಕ್ಷಿಣ ಭಾರತದಲ್ಲೂ ಇದೆ. ಅದಕ್ಕೇ ನರ್ಸರಿಯಿಂದ ಗಿಡ ತಂದ ದಿನ ಮೊದಲು ಎಲೆ ಮಗುಚಿ, ಶಲ್ಕ ಕೀಟದಂತೆಯೇ ಇರುವೆಗೆ ಸಿಹಿ ಉಣಿಸುವ ಹಿಟ್ಟು ತಿಗಣೆ ಇದೆಯಾ ನೋಡುತ್ತೇನೆ, ಆಮೇಲೆ ಚೀಲದ ಮಣ್ಣು ಕೆದಕುತ್ತೇನೆ.