ನೆಲ್ಲಕ್ಕಿಯ ದೀಪದ ಬೆಳಕಿಗೆ ಎಂಥ ಕ್ಯಾಮೆರಾ, ಎಂಥ ಲೆನ್ಸ್? ಒಂದು ಅಧ್ಯಯನ ಟಿಪ್ಪಣಿ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯಲು ಗದ್ದೆಗೆ ಹೊರಡುವ ಮುನ್ನ ಐನ್‌ಮನೆಯ (ಕೊಡವ ಮನೆತನದ ಮೂಲ ಮನೆ) ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪದ ಕೆಳಗೆ ಒಕ್ಕದವರು (ಮನೆತನದವರು) ಸೇರಿ ನೆರೆ (ಹಬ್ಬದ ಎಲೆಗಳ ಕಟ್ಟು) ಕಟ್ಟುತ್ತಾರೆ. ಕೈಯಲ್ಲೇ ಹಿಡಿದ ಕ್ಯಾಮೆರಾಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಸುತ್ತಲೂ ಕಪ್ಪೇರಿದ ಮರ, ಬೆಳಕೆಂದರೆ ದೀಪದ ಬತ್ತಿ ಮತ್ತು ಒಂದೋ ಎರಡೋ ಬಲ್ಬು, ಒಂದೇ ಸಮನೆ ಆಡುವ ಕೈಗಳು. ಜನರ ನಡುವೆ ಟ್ರೈಪಾಡ್ ನಿಲ್ಲಿಸಲಾಗದು. ಫ್ಲ್ಯಾಶ್ ಹೊಡೆದರೆ ದೀಪದ ಬೆಳಕಿನ ಗುಣವೇ ಹೋಗುತ್ತದೆ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಹೊಡೆಯೋಣವೆಂದರೆ ಕಪ್ಪು ಮರದ ಮುಚ್ಚಿಗೆ ಬೆಳಕನ್ನು ವಾಪಸ್ಸು ಕೊಡುವುದೇ ಇಲ್ಲ. ಈ ಜಾಗದಲ್ಲಿ ಕೆಲಸಕ್ಕೆ ಬರುವ ಸಲಕರಣೆ ಮದುವೆ ಹಾಲ್‌ನಲ್ಲೂ ಬರುತ್ತದೆ, ಹಾಗಾಗಿ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ.

ಹೊಸಬರು ಸಾಮಾನ್ಯವಾಗಿ ಯಾವ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಒಳ್ಳೆಯದು ಎಂಬಲ್ಲಿಂದ ಶುರುಮಾಡುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಅಲ್ಲಿರುವ ಬೆಳಕನ್ನು ಅಳೆಯಬೇಕು, ಆಮೇಲೆ ಎಷ್ಟು ಶಟರ್ ವೇಗ (ಸೆನ್ಸರ್ ಬೆಳಕಿಗೆ ತೆರೆದಿರುವ ಹೊತ್ತು) ಬೇಕೆಂದು ನಿರ್ಧರಿಸಬೇಕು, ಅದಕ್ಕೆ ತಕ್ಕ ಲೆನ್ಸ್ ಹುಡುಕಬೇಕು. ಉಳಿದ ಕೊರತೆಯನ್ನು ತುಂಬುವುದಷ್ಟೇ ಬಾಡಿಯ ಕೆಲಸ.

ಬೆಳಕಿನ ಲೆಕ್ಕ

ಪರಿಚಯದವರ ಹತ್ತಿರ ಕಿಟ್ ಲೆನ್ಸ್ (ಬಾಡಿಯ ಜೊತೆಗೇ ಬರುವ ಝೂಮ್) ಇರುವ ಯಾವುದೇ ಕ್ಯಾಮೆರಾ ಒಂದು ಸಂಜೆಗೆ ಕೇಳಿ ತನ್ನಿ. ಲೆನ್ಸನ್ನು 18 ಎಂಎಂಗೆ ಇಡಿ, ಅಪರ್ಚರ್ ಪ್ರಯಾರಿಟಿಯಲ್ಲಿ ಎಫ್/3.5, ಐಎಸ್‌ಒ 3200. (ಅಪರ್ಚರ್ ಎಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಅದು ದೊಡ್ಡದು; ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ.) ಮೀಟರಿಂಗ್ ಸ್ಪಾಟ್‌ನಲ್ಲಿರಲಿ, ಅಂದರೆ ಫ್ರೇಮಿನ ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯಲಿ. ದೀಪದ ಬಳಿ ಒಬ್ಬರನ್ನು ಕೂರಿಸಿ, ಅವರ ಮುಖದ ಮೇಲೆ ಬೆಳಕು ಅಳೆದು ಕ್ಯಾಮೆರಾ ತೋರಿಸುವ ಶಟರ್ ವೇಗವನ್ನು ಬರೆದಿಟ್ಟುಕೊಳ್ಳಿ. ಇಡೀ ಕೋಣೆಯನ್ನು ಅಳೆಯಲು ಬಿಟ್ಟರೆ ಕಪ್ಪು ಮರವೇ ಮೀಟರನ್ನು ದಾರಿ ತಪ್ಪಿಸುತ್ತದೆ: ಕೋಣೆ ಬೆಳ್ಳಗಾಗಿ, ಮುಖ ಮತ್ತು ದೀಪದ ಕುಡಿ ಸುಟ್ಟುಹೋದಂತೆ ಬರುತ್ತವೆ.

1/15 ಸೆಕೆಂಡ್ ಬಂತು ಎಂದುಕೊಳ್ಳೋಣ. ನೆರೆ ಕಟ್ಟುವ ಕೈಗಳು ಅಲುಗದಂತೆ ಕಾಣಲು 1/125 ಬೇಕು. 15ರಿಂದ 30, 60, 125: ಮೂರು ಸ್ಟಾಪ್ ಕೊರತೆ. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು, ಆದ್ದರಿಂದ ಮೂರು ಸ್ಟಾಪ್ ಎಂದರೆ ಎಂಟರಷ್ಟು. ಎಫ್/3.5 ಬದಲು ಎಫ್/1.8 ಲೆನ್ಸ್ ಹಾಕಿದರೆ ಸುಮಾರು ಎರಡು ಸ್ಟಾಪ್ ಸಿಗುತ್ತದೆ. ಉಳಿದ ಒಂದು ಸ್ಟಾಪ್‌ಗೆ ಐಎಸ್‌ಒ 6400. ಈಗ ನಿಮ್ಮ ಪ್ರಶ್ನೆ ಸ್ಪಷ್ಟವಾಯಿತು: ಎಫ್/1.8 ಲೆನ್ಸ್, ಜೊತೆಗೆ 6400ರಲ್ಲಿ ನೋಡುವಂಥ ಚಿತ್ರ ಕೊಡುವ ಬಾಡಿ. ಅಂಗಡಿಗೆ ಹೋಗುವಾಗ ಈ ಎರಡು ಅಂಕಿ ಕೈಯಲ್ಲಿದ್ದರೆ ಯಾರ ಮಾತಿಗೂ ಮರುಳಾಗಬೇಕಿಲ್ಲ.

ಶಟರ್ ವೇಗದ ಅಂದಾಜು ಹೀಗಿದೆ. ಸುಮ್ಮನೆ ಕೂತು ಮಾತಾಡುವವರಿಗೆ 1/60 ಸಾಕು. ಕೈಕೆಲಸಕ್ಕೆ, ಅಕ್ಷತೆ ಹಾಕುವುದಕ್ಕೆ 1/125. ವಾಲಗಕ್ಕೆ ಕುಣಿಯುವವರಿಗೆ 1/250ಕ್ಕಿಂತ ಕಡಿಮೆಯಾದರೆ ಕೈಕಾಲು ಕಲಸಿದಂತೆ ಕಾಣುತ್ತವೆ. ನಿಮ್ಮ ಕೈನಡುಕದ ಲೆಕ್ಕ ಬೇರೆ: ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಇದ್ದರೆ ಒಂದೂವರೆಯಿಂದ ಗುಣಿಸಿ 1/75, ಅಂದರೆ 1/80ಕ್ಕಿಂತ ಕೆಳಗೆ ಇಳಿಯಬೇಡಿ.

ಇಲ್ಲೇ ಸ್ಟೆಬಿಲೈಸೇಶನ್ ವಿಚಾರ ಬರುತ್ತದೆ. ಜಾಹೀರಾತಿನಲ್ಲಿ ಐದು ಸ್ಟಾಪ್, ಏಳು ಸ್ಟಾಪ್ ಎಂದಿರುತ್ತದೆ. ಅದು ಸರಿಪಡಿಸುವುದು ಕ್ಯಾಮೆರಾದ ಅಲುಗಾಟವನ್ನು ಮಾತ್ರ. ಎದುರಿಗಿರುವ ವ್ಯಕ್ತಿ ಅಲುಗಿದರೆ ಅದರಿಂದ ಏನೂ ಆಗದು. ಖಾಲಿ ಐನ್‌ಮನೆಯ ಕೆತ್ತನೆಯ ಕಂಬ, ಕಿಟಕಿ, ಬಾಗಿಲವಾಡ ತೆಗೆಯುವುದೇ ನಿಮ್ಮ ಕೆಲಸವಾದರೆ ಸ್ಟೆಬಿಲೈಸೇಶನ್‌ಗೆ ಧಾರಾಳವಾಗಿ ಹಣ ಕೊಡಿ, 1/8 ಸೆಕೆಂಡ್‌ನಲ್ಲೂ ಕೈಯಲ್ಲೇ ತೆಗೆಯಬಹುದು, ಐಎಸ್‌ಒ ಕೆಳಗೇ ಉಳಿಯುತ್ತದೆ. ಜನರನ್ನು ತೆಗೆಯುವವರು ಅದೇ ಹಣವನ್ನು ಅಪರ್ಚರ್ ಮೇಲೆ ಹಾಕುವುದು ಲೇಸು.

ಲೆನ್ಸ್

ಸಾಮಾನ್ಯ 18-55 ಕಿಟ್ ಲೆನ್ಸ್ ಝೂಮ್ ಮಾಡಿದಂತೆ ಎಫ್/5.6ಕ್ಕೆ ಇಳಿಯುತ್ತದೆ. ಎಫ್/1.8 ಒಳಬಿಡುವ ಬೆಳಕು ಅದರ ಒಂಬತ್ತೂವರೆ ಪಟ್ಟಿಗೂ ಹೆಚ್ಚು. ಸದ್ಯಕ್ಕೆ ಕಿಟ್ ಲೆನ್ಸ್ ಒಂದೇ ಇದೆಯೆಂದರೆ 18 ಎಂಎಂ ಬಿಟ್ಟು ಕದಲದೆ, ನೀವೇ ಎರಡು ಹೆಜ್ಜೆ ಮುಂದೆ ಹೋಗಿ.

ಫೋಕಲ್ ಲೆಂತ್ (ಲೆನ್ಸಿನ ಎಂಎಂ ಅಂಕಿ) ಆರಿಸುವಾಗ ಕೋಣೆಯ ಅಳತೆ ನೋಡಬೇಕು. ಎಪಿಎಸ್-ಸಿ ಸೆನ್ಸರ್ ಅಗಲ ಸುಮಾರು 23.5 ಮಿಲಿಮೀಟರ್. ಅದನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ದೂರದಿಂದ ಗುಣಿಸಿದರೆ ಫ್ರೇಮಿನಲ್ಲಿ ಎಷ್ಟು ಅಗಲ ಹಿಡಿಯುತ್ತದೆಂದು ಸಿಗುತ್ತದೆ. ಮೂರು ಮೀಟರ್ ದೂರದಿಂದ 50 ಎಂಎಂ ಹಿಡಿಯುವುದು 1.4 ಮೀಟರ್, 35 ಎಂಎಂ 2 ಮೀಟರ್, 24 ಎಂಎಂ ಹತ್ತಿರ ಹತ್ತಿರ 3 ಮೀಟರ್. ನೆಲ್ಲಕ್ಕಿಯಲ್ಲಿ ಮೂರು ಮೀಟರ್ ಹಿಂದೆ ಸರಿದರೆ ನಡುವೆ ಇನ್ಯಾರಾದರೂ ನಿಂತಿರುತ್ತಾರೆ. ಹೀಗಾಗಿ ಅಗ್ಗ ಎಂಬ ಕಾರಣಕ್ಕೆ ಎಲ್ಲರೂ ಕೊಳ್ಳುವ 50 ಎಂಎಂ ಎಫ್/1.8 ಎಪಿಎಸ್-ಸಿ ಬಾಡಿಯ ಮೇಲೆ ಇಲ್ಲಿ ಇಕ್ಕಟ್ಟಾಗುತ್ತದೆ. ಒಬ್ಬರ ಮುಖಕ್ಕೆ ಅದು ಸೊಗಸು, ಮನೆಯೊಳಗಿನ ದಿನಬಳಕೆಗೆ 35 ಎಂಎಂ ಎಫ್/1.8 ವಾಸಿ. ಫುಲ್ ಫ್ರೇಮ್ ಇರುವವರಿಗೆ ಇದೇ ನೋಟ 50 ಎಂಎಂನಲ್ಲಿ ಸಿಗುತ್ತದೆ. ಮದುವೆಗಳಿಗೇ ಓಡಾಡುವವರಾದರೆ ಎಫ್/2.8 ಝೂಮ್ ಅನುಕೂಲ, ಆದರೆ ಎಫ್/1.8 ಎದುರು ಅದು ಒಂದು ಸ್ಟಾಪ್‌ಗಿಂತ ಹೆಚ್ಚು ಹಿಂದೆ ಬೀಳುತ್ತದೆ.

ಅಪರ್ಚರ್ ಪೂರ್ತಿ ತೆರೆದರೆ ಫೋಕಸ್ ಆಗುವ ಆಳ ಕಿರಿದಾಗುತ್ತದೆ. ಎಪಿಎಸ್-ಸಿ ಬಾಡಿಯಲ್ಲಿ ಎರಡು ಮೀಟರ್ ದೂರದಲ್ಲಿ, ಎಫ್/1.8ರಲ್ಲಿ, 35 ಎಂಎಂಗೆ ಸಿಗುವ ಆಳ ಸುಮಾರು 23 ಸೆಂಟಿಮೀಟರ್; 50 ಎಂಎಂಗೆ ಬರೀ 11 ಸೆಂಟಿಮೀಟರ್ ಆಸುಪಾಸು. ದೀಪದ ಸುತ್ತ ಕೂತ ನಾಲ್ವರಲ್ಲಿ ಒಬ್ಬರ ಮುಖ ಮಾತ್ರ ಚೊಕ್ಕವಾಗಿ, ಉಳಿದವರು ಮಸುಕಾಗಿ ಬರಲು ಇದೇ ಕಾರಣ. ಎಲ್ಲರೂ ಒಂದೇ ದೂರದಲ್ಲಿ ಸಿಗುವಂಥ ಮೂಲೆ ಹುಡುಕಿ ನಿಲ್ಲಿ. ಸಿಗದಿದ್ದರೆ ಎಫ್/2.8ಕ್ಕೆ ಮುಚ್ಚಿ, ಐಎಸ್‌ಒ ಏರಿಸಿ.

ಬಾಡಿ

ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್. ವಿಸ್ತೀರ್ಣದಲ್ಲಿ ಎಪಿಎಸ್-ಸಿಗಿಂತ ಸುಮಾರು 2.3 ಪಟ್ಟು, ಮೈಕ್ರೋ ಫೋರ್ ಥರ್ಡ್ಸ್‌ಗಿಂತ ಸುಮಾರು 3.8 ಪಟ್ಟು. ನಾಯ್ಸ್ (ಚಿತ್ರದಲ್ಲಿ ಕಾಣುವ ಚುಕ್ಕೆಚುಕ್ಕೆ) ಲೆಕ್ಕದಲ್ಲಿ ಇದು ಕ್ರಮವಾಗಿ ಒಂದೂಕಾಲು ಸ್ಟಾಪ್ ಮತ್ತು ಎರಡು ಸ್ಟಾಪ್‌ನಷ್ಟು ಲಾಭ. ಕಿಟ್ ಲೆನ್ಸ್‌ನಿಂದ ಎಫ್/1.8 ಪ್ರೈಮ್‌ಗೆ (ಝೂಮ್ ಇಲ್ಲದ ಲೆನ್ಸ್‌ಗೆ) ಹೋದರೆ ಸಿಗುವುದು ಎರಡರಿಂದ ಮೂರೂಕಾಲು ಸ್ಟಾಪ್. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಬೆಲೆ ನೋಡಿ, ಹಣ ಮೊದಲು ಎಲ್ಲಿಗೆ ಹೋಗಬೇಕೆಂದು ತಾನೇ ತಿಳಿಯುತ್ತದೆ. ಹಳೆಯ ಎಪಿಎಸ್-ಸಿ ಬಾಡಿಗೆ ಒಳ್ಳೆಯ ಪ್ರೈಮ್ ಹಾಕಿದವರು, ಹೊಸ ಫುಲ್ ಫ್ರೇಮ್‌ಗೆ ಎಫ್/5.6ರ ಝೂಮ್ ಹಾಕಿದವರಿಗಿಂತ ಮುಂದಿರುತ್ತಾರೆ.

ಹೊಸ ಮಿರರ್‌ಲೆಸ್ ಬಾಡಿಗಳ ನಿಜವಾದ ಲಾಭ ಫೋಕಸ್‌ನಲ್ಲಿದೆ. ಮಂದ ಬೆಳಕಲ್ಲೂ ಕಣ್ಣು ಹುಡುಕಿ ಹಿಡಿಯುತ್ತವೆ. ಹಳೆಯ ಡಿಎಸ್‌ಎಲ್‌ಆರ್ ಬಳಸುವವರು ನಡುವಿನ ಫೋಕಸ್ ಪಾಯಿಂಟ್ ಒಂದನ್ನೇ ಬಳಸಲಿ. ಕಪ್ಪು ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಮೇಲೆ ಫೋಕಸ್ ಹಿಡಿಯಲು ಹೋದರೆ ಲೆನ್ಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಕುಪ್ಯವೂ ಚೇಲೆಯೂ (ಸೊಂಟದ ಪಟ್ಟಿ) ಕೂಡುವ ಅಂಚು, ಇಲ್ಲವೇ ಪೀಚೆಕತ್ತಿಯ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಹಿಡಿಯಂಥ ಬೆಳಕು ನೆರಳು ಸೇರುವ ಜಾಗ ಹಿಡಿಯಿರಿ. ಫೋಕಸ್‌ಗೆ ನೆರವಾಗುವ ಕೆಂಪು ಅಥವಾ ಹಸಿರು ಲೈಟನ್ನು ಪೂಜೆಯ ಹೊತ್ತಿಗೆ ಆಫ್ ಮಾಡಿಡಿ.

ಕೊಡವ ಮದುವೆಯಲ್ಲಿ ವಧೂವರರನ್ನು ಹರಸುವ ದಂಪತಿ ಮುಹೂರ್ತದಲ್ಲಿ ಇನ್ನೊಂದು ಕಷ್ಟವಿದೆ. ವರ ಬಿಳಿ ಕುಪ್ಯದಲ್ಲಿ, ಹರಸಲು ಬರುವ ಗಂಡಸರು ಕಪ್ಪು ಕುಪ್ಯದಲ್ಲಿ, ವಧು ಕೆಂಪು ಸೀರೆಯಲ್ಲಿ. ಆಟೋದಲ್ಲಿ ಬಿಟ್ಟರೆ ಫ್ರೇಮಿಗೊಂದು ಎಕ್ಸ್‌ಪೋಶರ್ ಬರುತ್ತದೆ. ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಮುಖಕ್ಕೆ ಸರಿಹೊಂದಿಸಿ ಹಾಗೇ ಬಿಡಿ, ಹಾಲ್‌ನ ಬೆಳಕು ಬದಲಾಗುವುದಿಲ್ಲ. ಹಳದಿ ಬೆಳಕಲ್ಲಿ ಕೆಂಪು ರೇಷ್ಮೆಯ ನೆರಿಗೆಗಳು ಒಂದೇ ಬಣ್ಣದ ಹಾಳೆಯಂತಾಗಿಬಿಡುತ್ತವೆ. ಹಿಸ್ಟೋಗ್ರಾಮ್‌ನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಚಾನೆಲ್ ಬಲತುದಿಗೆ ಬಡಿಯುತ್ತಿದೆಯೇ ನೋಡುತ್ತಿರಿ.

ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ, ಬಣ್ಣವನ್ನು ಆಮೇಲೆ ತಿದ್ದಬಹುದಾದ ಫೈಲ್) ಆಗಿರಲಿ. ಎಣ್ಣೆದೀಪದ ಬಣ್ಣ ಸುಮಾರು 1900 ಕೆಲ್ವಿನ್, ಬಿಳಿ ಎಲ್‌ಇಡಿಯದು 6500. ಎರಡೂ ಒಂದೇ ಕೋಣೆಯಲ್ಲಿದ್ದರೆ ಯಾವ ವೈಟ್ ಬ್ಯಾಲೆನ್ಸ್ ಕೊಟ್ಟರೂ ಅರ್ಧ ಮುಖ ನೀಲಿ, ಅರ್ಧ ಮುಖ ಕಿತ್ತಳೆ. ಮನೆಯವರನ್ನು ಕೇಳಿ ಟ್ಯೂಬ್‌ಲೈಟ್ ಆರಿಸುವುದು ಯಾವ ಸಾಫ್ಟ್‌ವೇರ್‌ಗಿಂತಲೂ ಒಳ್ಳೆಯ ಪರಿಹಾರ. ದೀಪದ ಬೆಳಕನ್ನು ಪೂರ್ತಿ ಬಿಳಿ ಮಾಡಲೂ ಹೋಗಬೇಡಿ: ಅದರಲ್ಲಿ ನೀಲಿ ಬಹಳ ಕಡಿಮೆ, ಆ ಚಾನೆಲ್ ಎಳೆದಷ್ಟೂ ನಾಯ್ಸ್ ಮೇಲೇಳುತ್ತದೆ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಂಥ ಕಡೆ ಆಸೆ ಹುಟ್ಟಿಸುತ್ತದೆ. ಎಣ್ಣೆದೀಪವಷ್ಟೇ ಇದ್ದರೆ ಅಡ್ಡಿಯಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಅವುಗಳ ಕೆಳಗೆ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದ ಉದ್ದಕ್ಕೂ ಪಟ್ಟೆ ಬೀಳಬಹುದು. ಅಲ್ಲಿ 1/50 ಅಥವಾ 1/100 ಇಡಿ. ಕುಣಿತಕ್ಕೆ 1/250 ಬೇಕೇ ಬೇಕೆಂದರೆ ಮೆಕ್ಯಾನಿಕಲ್ ಶಟರ್ ಬಳಸಿ, ಆ್ಯಂಟಿ ಫ್ಲಿಕರ್ ಆನ್ ಮಾಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. 50 ಎಂಎಂ ಎಫ್/1.8ಡಿ ಅಗ್ಗವಾಗಿ ಸಿಕ್ಕಿತೆಂದು ತಂದರೆ ಅವುಗಳ ಮೇಲೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಹೆಸರಿನಲ್ಲಿ ಎಎಫ್-ಎಸ್ (ಮೋಟರ್ ಲೆನ್ಸಿನಲ್ಲೇ ಇದೆ ಎಂಬ ಗುರುತು) ಇರುವುದನ್ನೇ ಕೇಳಿ.

ಕೊಡಗಿನಲ್ಲಿ ಬಳಸಿದ ಲೆನ್ಸ್ ಎಂದರೆ ಮೊದಲು ನೋಡಬೇಕಾದ್ದು ಬೂಷ್ಟು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡನ ಬಲೆಯಂಥ ಕವಲೊಡೆದ ಎಳೆಗಳು ಕಂಡರೆ ಬೇಡವೆನ್ನಿ. ಬೂಷ್ಟು ಗಾಜಿನ ಲೇಪನವನ್ನೇ ತಿಂದಿದ್ದರೆ ಒರೆಸಿದರೂ ಗುರುತು ಹೋಗದು, ದೀಪದ ಸುತ್ತ ಮಂಜಿನಂಥ ಮಬ್ಬು ಬರುತ್ತದೆ. ಕೊಂಡ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ, ಬಟ್ಟೆಯ ಬೀರುವಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಾಂಶ ಮಾಪಕ ಇಟ್ಟು 40ರಿಂದ 50 ಶೇಕಡದ ನಡುವೆ ಕಾಯ್ದುಕೊಳ್ಳಿ. ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಮುಟ್ಟಬಾರದು.

ಚಳಿ ಮಳೆಯಲ್ಲಿ ಬಂದು ಜನ ತುಂಬಿದ ಬೆಚ್ಚನೆಯ ಹಾಲ್‌ಗೆ ಹೊಕ್ಕ ಕೂಡಲೇ ಕ್ಯಾಮೆರಾ ಹೊರತೆಗೆದರೆ ಮುಂದಿನ ಗಾಜು ಮಂಜುಗಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಒಳಗಿಟ್ಟು, ಅಷ್ಟರಲ್ಲಿ ಒಕ್ಕದ ಪಟ್ಟೆದಾರರನ್ನು (ಹಿರಿಯ ಯಜಮಾನರನ್ನು) ಕಂಡು ಎಲ್ಲಿ ನಿಲ್ಲಬಹುದು, ಏನನ್ನು ತೆಗೆಯಬಾರದು ಎಂದು ಕೇಳಿಕೊಳ್ಳಿ.