ಮೀನುಗಾರಿಕೆಯ ಋತು ಮುಗಿದ ಮೇಲೆ ನೀರಿಗಿಳಿದ ಮಿಕ್ಮಾಕರ ಲಾಬ್‌ಸ್ಟರ್ ಬೋನು ಅಕ್ರಮವೇ?

ಕೆನಡಾದ ನೋವಾ ಸ್ಕೋಷಿಯಾದಲ್ಲಿ ಮಿಕ್ಮಾಕ್ ಎಂಬ ಮೂಲನಿವಾಸಿ ಜನಾಂಗದ ಡೊನಾಲ್ಡ್ ಮಾರ್ಷಲ್ ಜೂನಿಯರ್ 1993ರ ಆಗಸ್ಟ್‌ನಲ್ಲಿ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್ 10 ಸೆಂಟ್‌ಗೆ ಮಾರಿದರು. ಲೈಸೆನ್ಸ್ ಇರಲಿಲ್ಲ, ಅದು ನಿಷೇಧದ ಅವಧಿ, ಬಲೆಯೂ ನಿಯಮಬಾಹಿರ. ಇದ್ಯಾವುದನ್ನೂ ಅವರು ಅಲ್ಲಗಳೆಯಲಿಲ್ಲ. ಅವರ ವಾದವೆಲ್ಲ ನಿಂತದ್ದು ಮಿಕ್ಮಾಕರು ಬ್ರಿಟಿಷರೊಡನೆ ಮಾಡಿಕೊಂಡ 1760–61ರ ಶಾಂತಿ ಒಪ್ಪಂದದ ಮೇಲೆ.

ಆ ಒಪ್ಪಂದದಲ್ಲಿ ಮೀನುಗಾರಿಕೆಯ ಹಕ್ಕು ಎಂಬ ಮಾತೇ ಇಲ್ಲ. ಬ್ರಿಟಿಷರ ವ್ಯಾಪಾರ ಕೋಠಿಯಲ್ಲಿ ಮಾತ್ರ ಸರಕು ಮಾರುತ್ತೇವೆ ಎಂದು ಮಿಕ್ಮಾಕರು ಕೊಟ್ಟ ಮಾತಿದೆ. ಮಾರಬೇಕಾದರೆ ಮೊದಲು ಹಿಡಿಯಬೇಕಲ್ಲ? ಸುಪ್ರೀಂ ಕೋರ್ಟ್ 1999ರ ಸೆಪ್ಟೆಂಬರ್ 17ರಂದು ಈ ಎಳೆಯನ್ನೇ ಹಿಡಿದು ಅವರನ್ನು ಖುಲಾಸೆ ಮಾಡಿತು. ‘ಮಿತವಾದ ಜೀವನೋಪಾಯ’ಕ್ಕಾಗಿ ಹಿಡಿದು ಮಾರುವ ಹಕ್ಕಿದೆ ಎಂದಿತು: ಅನ್ನ, ಬಟ್ಟೆ, ಸೂರು, ಜೊತೆಗೆ ಒಂದಿಷ್ಟು ಅನುಕೂಲ. ಸಂಪತ್ತು ಕೂಡಿಹಾಕುವುದಕ್ಕಲ್ಲ. ಎರಡೇ ತಿಂಗಳಲ್ಲಿ, ನವೆಂಬರ್ 17ರಂದು, ಅದೇ ಕೋರ್ಟ್ ಸ್ಪಷ್ಟನೆ ಕೊಟ್ಟಿತು: ಸಂರಕ್ಷಣೆಯಂಥ ಬಲವಾದ ಕಾರಣವಿದ್ದರೆ ಸರಕಾರ ಈ ಹಕ್ಕಿಗೆ ಮಿತಿ ಹಾಕಬಹುದು. ಆದರೆ ಆ ಕಾರಣವನ್ನು ಸಾಬೀತುಪಡಿಸುವ ಹೊಣೆ ಸರಕಾರದ್ದೇ.

ಜನ ಎಡವುವುದು ಇಲ್ಲಿಯೇ. ಸ್ಪಷ್ಟನೆಯ ಮೊದಲರ್ಧವನ್ನಷ್ಟೇ ಓದಿ, ‘ಋತು ಮುಗಿದಿದೆ, ಆದ್ದರಿಂದ ಅಕ್ರಮ’ ಎನ್ನುತ್ತಾರೆ.

ಇಂದು ಜಗಳವಿರುವುದು ಲಾಬ್‌ಸ್ಟರ್ (ದೊಡ್ಡ ಸೀಗಡಿಯಂಥ ಚಿಪ್ಪಿನ ಕಡಲಜೀವಿ) ಹಿಡಿಯುವ ಬೋನುಗಳ ಬಗ್ಗೆ. ಒಂದೇ ಕೊಲ್ಲಿಯಲ್ಲಿ ಮಿಕ್ಮಾಕರ ಮೂರು ಬಗೆಯ ಬೋನುಗಳಿರಬಹುದು. ಮೊದಲನೆಯದು ಊಟ, ಸಮುದಾಯದ ಅಗತ್ಯ, ಆಚರಣೆಗಾಗಿ. ಇದಕ್ಕೆ ಅದೇ ಸುಪ್ರೀಂ ಕೋರ್ಟ್ 1990ರಲ್ಲಿ ಕೊಟ್ಟ ಸ್ಪ್ಯಾರೋ ತೀರ್ಪು ಆಧಾರ, ಈ ಮೀನನ್ನು ಮಾರುವಂತಿಲ್ಲ. ಎರಡನೆಯದು ಸಮುದಾಯದ ಹೆಸರಿನ ವಾಣಿಜ್ಯ ಲೈಸೆನ್ಸ್‌ನದು. ಋತು, ನಿಯಮ ಎಲ್ಲ ಇತರರಂತೆಯೇ. ಮೂರನೆಯದು ಒಪ್ಪಂದದ ಹಕ್ಕಿನದು. ಆದ್ದರಿಂದ ಬೋನಿನ ಟ್ಯಾಗ್ ಯಾರು ಕೊಟ್ಟದ್ದೆಂದು ನೋಡದೆ ತೀರ್ಮಾನಕ್ಕೆ ಬರಬಾರದು. ಹಕ್ಕು ಸಮುದಾಯದ್ದು, ಅದರ ಅನುಮತಿಯಿಲ್ಲದೆ ಒಬ್ಬನೇ ಹೋಗಿ ಹಿಡಿದರೆ ಕೋರ್ಟಿನಲ್ಲಿ ವಾದ ದುರ್ಬಲವಾಗುತ್ತದೆ.

ನೋವಾ ಸ್ಕೋಷಿಯಾದ ಸೇಂಟ್ ಮೇರೀಸ್ ಕೊಲ್ಲಿ ಇರುವ ವಲಯದಲ್ಲಿ ಲಾಬ್‌ಸ್ಟರ್‌ನ ವಾಣಿಜ್ಯ ಋತು ನವೆಂಬರ್ ಕೊನೆಯಿಂದ ಮೇ 31ರವರೆಗೆ. ಬೇಸಿಗೆಯಲ್ಲಿ ಲಾಬ್‌ಸ್ಟರ್ ಚಿಪ್ಪು ಕಳಚುತ್ತದೆ. ಹೊಸ ಚಿಪ್ಪು ಮೆತ್ತಗೆ, ಒಳಗೆ ಮಾಂಸ ಕಡಿಮೆ, ದೂರ ಸಾಗಿಸುವಷ್ಟರಲ್ಲಿ ಸಾಯುತ್ತದೆ. ಅಂದರೆ ನಿಷೇಧದ ಅವಧಿಗೆ ಸಂರಕ್ಷಣೆಯ ಜೊತೆ ಮಾರುಕಟ್ಟೆಯ ಕಾರಣವೂ ಉಂಟು. ಎರಡನ್ನೂ ಬಿಡಿಸಿ ತೂಗಬೇಕು.

ಮಿಕ್ಮಾಕರ ಸಿಪೆಕ್ನೆಕಾಟಿಕ್ ಸಮುದಾಯ 2020ರ ಸೆಪ್ಟೆಂಬರ್ 17ರಂದು ಇಲ್ಲೇ ತನ್ನದೇ ಲೈಸೆನ್ಸ್ ಕೊಟ್ಟಿತು, ತಲಾ 50 ಬೋನು. ಒಂದು ವಾಣಿಜ್ಯ ಲೈಸೆನ್ಸ್‌ಗೆ 375ರಿಂದ 400 ಬೋನು. ಈ ಅಂತರ ಗೊತ್ತಿದ್ದೂ ‘ಸಂತತಿ ನಾಶ’ ಎಂದು ಕೂಗುವುದು ಅನ್ಯಾಯ. ಮರುತಿಂಗಳು ಅವರ ಲಾಬ್‌ಸ್ಟರ್ ಇಟ್ಟಿದ್ದ ದಾಸ್ತಾನು ಕಟ್ಟಡಗಳ ಮೇಲೆ ದಾಳಿಯಾಯಿತು, ಅಕ್ಟೋಬರ್ 17ರಂದು ಒಂದು ಸುಟ್ಟುಹೋಯಿತು. 2021ರ ಮಾರ್ಚ್‌ನಲ್ಲಿ ಸರಕಾರ, ಈ ಮೀನುಗಾರಿಕೆಯೂ ವಾಣಿಜ್ಯ ಋತುವಿನೊಳಗೇ ನಡೆಯಬೇಕು ಎಂದಿತು. ಹಾಗೆ ಹೇಳಿದ ಮಾತ್ರಕ್ಕೆ ಸಾಬೀತಾದಂತಲ್ಲ.