ಡಬ್ಬಿಯೊಳಗೆ ನಾಲ್ಕು ವಾರ ಕಾಯುವ ಮಣ್ಣು

ವಿಕಿರಣ ಅಂದ ಕೂಡಲೇ ಎಲ್ಲರಿಗೂ ಅಣುಸ್ಥಾವರ ನೆನಪಾಗುತ್ತದೆ. ಕಾಲ ಕೆಳಗಿನ ಮಣ್ಣು ಯಾರಿಗೂ ನೆನಪಾಗುವುದಿಲ್ಲ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಭೂಮಿ ಹುಟ್ಟಿದಾಗಿನಿಂದ ಅಲ್ಲೇ ಇವೆ. ಪ್ರಪಂಚದ ಸರಾಸರಿ ನೋಡಿದರೆ, ಒಂದು ಕಿಲೋ ಮಣ್ಣಿನಲ್ಲಿ ಪೊಟ್ಯಾಸಿಯಂ-40 ಒಂದರದ್ದೇ ಸುಮಾರು 400 ಬೆಕೆರೆಲ್. ಅಂದರೆ ಸೆಕೆಂಡಿಗೆ 400 ಪರಮಾಣುಗಳು ರೂಪ ಬದಲಿಸುತ್ತಿವೆ. ಗಾಬರಿ ಬೇಡ. ನಮ್ಮ ಮೈಯೊಳಗೇ ಇದೇ ಪೊಟ್ಯಾಸಿಯಂ ಸೆಕೆಂಡಿಗೆ ಸುಮಾರು 4,000 ಸಲ ಹೀಗೆ ಮಾಡುತ್ತದೆ.

ಮಣ್ಣಿನ ವಿಕಿರಣ ಅಳೆಯುವ ರೀತಿ ನನಗೆ ತುಂಬಾ ಇಷ್ಟ. ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಡಬ್ಬಿಗೆ ತುಂಬುತ್ತಾರೆ. ಗಾಳಿಯಾಡದಂತೆ ಬಿಗಿಯಾಗಿ ಮುಚ್ಚುತ್ತಾರೆ. ಆಮೇಲೆ ನಾಲ್ಕು ವಾರ ಸುಮ್ನೆ ಇಟ್ಟುಬಿಡುತ್ತಾರೆ!

ಯಾಕೆ ಗೊತ್ತಾ? ಯುರೇನಿಯಂ ಒಡೆದು ಒಂದಾದ ಮೇಲೊಂದರಂತೆ ಬೇರೆ ಬೇರೆ ಧಾತುಗಳಾಗುತ್ತಾ ಹೋಗುತ್ತದೆ, ಅದೇ ಅದರ ವಂಶ. ಆ ವಂಶದಲ್ಲಿ ರೇಡಿಯಂ ಇದೆ, ರೇಡಿಯಂನ ಮಗು ರೇಡಾನ್. ಉಳಿದವರೆಲ್ಲ ಮಣ್ಣಿಗೆ ಅಂಟಿಕೊಂಡಿದ್ದರೆ ಇದೊಂದು ಅನಿಲ. ಮಣ್ಣು ಕೆದಕಿದರೆ ಸಾಕು, ಜಾರಿಕೊಳ್ಳುತ್ತದೆ. ಆದರೆ ಉಪಕರಣಕ್ಕೆ ಚೆನ್ನಾಗಿ ಕಾಣುವ ಗಾಮಾ ಕಿರಣ ಹೊರಡುವುದು ರೇಡಾನಿನ ಮುಂದಿನ ಪೀಳಿಗೆಯಾದ ಸೀಸ-214, ಬಿಸ್ಮತ್-214ರಿಂದ. ರೇಡಾನ್ ಓಡಿಹೋದರೆ ಇವೂ ಇಲ್ಲ, ಲೆಕ್ಕ ಕಮ್ಮಿ ಬರುತ್ತದೆ.

ನಲ್ಲಿ ಕೆಳಗೆ ತೂತು ಕೊಡ ಇಟ್ಟಿದ್ದೀರಿ ಅಂದುಕೊಳ್ಳಿ. ನೀರು ಏರಿದಷ್ಟೂ ತೂತಿನಿಂದ ಜೋರಾಗಿ ಸುರಿಯುತ್ತದೆ. ಕೊನೆಗೆ ಬರುವುದೂ ಹೋಗುವುದೂ ಸಮವಾಗಿ ಮಟ್ಟ ನಿಂತುಬಿಡುತ್ತದೆ. ರೇಡಿಯಂ ಆ ನಲ್ಲಿ, ರೇಡಾನ್ ಆ ನೀರು, ರೇಡಾನ್ ತಾನೇ ಒಡೆದು ಮುಂದಿನ ಪೀಳಿಗೆಯಾಗುವುದೇ ಆ ತೂತು. ಇನ್ನೊಂದು ತರಹ ಹೇಳುತ್ತೇನೆ. ಒಬ್ಬ ಪ್ರತಿ 3.8 ದಿನಕ್ಕೆ, ಅಂದರೆ ರೇಡಾನಿನ ಒಂದು ಅರ್ಧಾಯುವಿಗೆ (ಇದ್ದ ರೇಡಾನ್ ಒಡೆದು ಅರ್ಧಕ್ಕೆ ಇಳಿಯುವ ಕಾಲ), ಆ ಸಮ ಮಟ್ಟಕ್ಕೆ ಉಳಿದ ದಾರಿಯಲ್ಲಿ ಅರ್ಧ ನಡೆಯುತ್ತಾನೆ. ಏಳು ಸಲ ನಡೆದರೆ ನೂರಕ್ಕೆ 99 ಪಾಲು ದಾರಿ ಮುಗಿದಿರುತ್ತದೆ. ಲೆಕ್ಕ ಹಾಕಿ, ಹತ್ತಿರ ಹತ್ತಿರ ನಾಲ್ಕು ವಾರ, ಅಲ್ವಾ?

ಈಗ ಡಬ್ಬಿಯ ಜಾಗದಲ್ಲಿ ಮನೆ ಇಡಿ. ಕೆಳಗೆ ಮಣ್ಣು, ನೆಲದಲ್ಲಿ ಬಿರುಕು, ಮುಚ್ಚಿದ ಕಿಟಕಿ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಮರಿಕ್ ಅಣುಸ್ಥಾವರದ ಇಂಜಿನಿಯರ್ ಒಬ್ಬರು ಕೆಲಸಕ್ಕೆ ಬಂದರೆ ವಿಕಿರಣ ಪತ್ತೆ ಮಾಡುವ ಅಲಾರಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರ ಇನ್ನೂ ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಹುಡುಕಿದರೆ ಅವರ ಮನೆ ತುಂಬಾ ರೇಡಾನ್!

ಮಣ್ಣಿನ ವರದಿಯಲ್ಲಿ ಅಂಕಿ ಸಾಧಾರಣವಾಗಿದೆ ಎಂದು ಸುಮ್ಮನಾಗುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ರೇಡಾನಿನ ಮರಿಗಳು ಧೂಳಿಗೆ ಅಂಟಿ ಶ್ವಾಸಕೋಶಕ್ಕೆ ಇಳಿದು, ಅಲ್ಲೇ ಆಲ್ಫಾ ಕಣ ಸಿಡಿಸುತ್ತವೆ. ಸಿಗರೇಟು ಸೇದುವವರಿಗಂತೂ ಅಪಾಯ ಇನ್ನೂ ಜಾಸ್ತಿ. ಒಂದು ಘನ ಮೀಟರ್ ಗಾಳಿಗೆ 100 ಬೆಕೆರೆಲ್ ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯೊಳಗೆ ಎಷ್ಟು ರೇಡಾನ್ ಸೇರಿದೆ ಎಂದು ಮಣ್ಣಿನ ಅಂಕಿ ಹೇಳುವುದಿಲ್ಲ, ಅದಕ್ಕೆ ಮನೆಯೊಳಗಿನ ಗಾಳಿಯನ್ನೇ ಅಳೆಯಬೇಕು. ಜಾಸ್ತಿ ಬಂದರೆ ನೆಲದಡಿಗೆ ಒಂದು ಪೈಪ್ ಇಳಿಸಿ, ಫ್ಯಾನ್ ಹಾಕಿ, ಅನಿಲವನ್ನು ಸೂರಿನ ಮೇಲಕ್ಕೆ ಎಳೆದು ಬಿಡುತ್ತಾರೆ.